ಒಂಬತ್ತನೆಯ ಕುಳಿ

ಆ ಊರಿನಲ್ಲಿ ಹೆಣಗಳ ಮೇಲೆ ಚೆಂಡಾಟ ಆಡುತ್ತಾರೆ.

ಕೋಪಕ್ಕೆ ಹೇಳುವ ಮಾತಲ್ಲ. ಪೋರ್ಚುಗಲ್ಲಿನ ದಕ್ಷಿಣದ ಕಡಲಂಚಿನ ಊರು ಅದು. ಕೋಟೆಗೋಡೆಯ ಹೊರಗೆ ಕಾರು ನಿಲ್ಲಿಸಲು ನೆಲಮಾಳಿಗೆ ಅಗೆದರು. ಅಗೆದಲ್ಲಿ ಮನುಷ್ಯರ ಎಲುಬು ಸಿಕ್ಕಿತು. ಒಬ್ಬರದಲ್ಲ, ಇಬ್ಬರದಲ್ಲ, ನೂರಕ್ಕೂ ಮೇಲೆ. ಒಡೆದ ಮಡಕೆ, ದನದ ಮೂಳೆ, ಮೀನಿನ ಮುಳ್ಳು, ಅವುಗಳ ನಡುವೆ ಮನುಷ್ಯರು. ಐನೂರು ವರ್ಷದ ಹಿಂದೆ ಅದು ಆ ಊರಿನ ತಿಪ್ಪೆ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದವರಲ್ಲಿ, ಮಾರಾಟದ ಸಂತೆ ಮುಟ್ಟುವ ಮೊದಲೇ ಸತ್ತವರನ್ನು ಅಲ್ಲಿ ಎಸೆದಿದ್ದರು. ಕೆಲವರ ಕೈ ಬೆನ್ನ ಹಿಂದೆ ಕಟ್ಟಿದ ಹಾಗೇ ಇತ್ತು. ಒಬ್ಬಳ ಎದೆಯ ಮೇಲೆ ಕೂಸಿನ ಎಲುಬುಗಳಿದ್ದವು.

ಪಂಡಿತರು ಬಂದರು. ಕುಂಚದಲ್ಲಿ ಮಣ್ಣು ಕೊಡವಿದರು. ಒಬ್ಬೊಬ್ಬರಿಗೂ ನಂಬರು ಕೊಟ್ಟು, ರಟ್ಟಿನ ಪೆಟ್ಟಿಗೆಗೆ ತುಂಬಿ, ದೂರದ ಯೂನಿವರ್ಸಿಟಿಯ ಉಗ್ರಾಣಕ್ಕೆ ಕಳಿಸಿದರು. ತಾಯಿಗೊಂದು ನಂಬರು, ಕೂಸಿಗೊಂದು ನಂಬರು, ಬೇರೆ ಬೇರೆ ಪೆಟ್ಟಿಗೆ. ಆಮೇಲೆ ಕಾರುಗಳು ಬಂದವು. ನೆಲಮಾಳಿಗೆಯ ನೆತ್ತಿಯ ಮೇಲೆ ಪಟ್ಟಣಸಭೆಯವರು ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಮಕ್ಕಳು ಮರಿ ಆಡಲಿ ಅಂತ ಪುಟ್ಟ ಗಾಲ್ಫ್ ಅಂಗಳ ಮಾಡಿದರು. ಬೇಸಿಗೆಯಲ್ಲಿ ಪ್ರವಾಸಿಗಳು ಐಸ್‌ಕ್ರೀಮು ನೆಕ್ಕುತ್ತ ಅಲ್ಲಿ ಚೆಂಡು ಉರುಳಿಸುತ್ತಾರೆ. ಒಟ್ಟು ಹದಿನೆಂಟು ಕುಳಿ. ಒಂಬತ್ತನೆಯ ಕುಳಿ ಮಾತ್ರ ಕಾರಿನ ಮಾಳಿಗೆಯನ್ನು ದಾಟಿ ಅಂಚಿನ ಮಣ್ಣಿನ ಮೇಲಿದೆ. ಆ ಮಣ್ಣನ್ನು ಅಗೆದಿಲ್ಲ. ತಿಪ್ಪೆ ಅಲ್ಲಿಗೂ ಚಾಚಿತ್ತು, ಅಲ್ಲಿಯೂ ಜನ ಇದ್ದಾರೆ ಅಂತ ಪಂಡಿತರೇ ಹೇಳಿದ್ದರು. ಕಾರಿಗೆ ಅಷ್ಟು ಜಾಗ ಬೇಕಿರಲಿಲ್ಲ, ಹಾಗಾಗಿ ಬಿಟ್ಟರು.

ಅರ್ಲಿಂಡಾ ಸೆಮೆದು ಇದನ್ನು ಮೊದಲು ಓದಿದ್ದು ಬಸ್ಸಿನಲ್ಲಿ, ಯಾರೋ ಬಿಟ್ಟುಹೋದ ಪೇಪರಿನಲ್ಲಿ. ಲಿಸ್ಬನ್ನಿನ ಅಂಚಿನ ಅಮಡೋರಾದ ಗುಡ್ಡದ ಕೇರಿಯಿಂದ ಹೊರಡುವ ಬೆಳಗಿನ ಮೊದಲ ಬಸ್ಸು. ಡ್ರೈವರನ್ನು ಬಿಟ್ಟರೆ ಅದರಲ್ಲಿ ಬಿಳಿಯರು ಇರುವುದಿಲ್ಲ. ಬ್ಯಾಂಕು, ಆಫೀಸು, ಆಸ್ಪತ್ರೆಗಳ ಬಾಗಿಲಲ್ಲಿ ಆಫ್ರಿಕದ ಕೇಪ್ ವರ್ಡೆ ದ್ವೀಪದ ಹೆಂಗಸರನ್ನು ಇಳಿಸುತ್ತ ಹೋಗುತ್ತದೆ. ಸಾಹೇಬರು ಬರುವ ಹೊತ್ತಿಗೆ ನೆಲ ಒಣಗಿರಬೇಕು. ಒರೆಸಿದವರು ಕಾಣಬಾರದು. ಅರ್ಲಿಂಡಾಳ ಅವ್ವ ದೊಮಿಂಗ ಮೂವತ್ತು ವರ್ಷ ಆ ಬಸ್ಸಿನಲ್ಲಿ ಹೋಗಿದ್ದಾಳೆ. ಕೇರಿಯವರು ಅವಳನ್ನು ನ್ಯಾ ದೊಮಿಂಗ ಅನ್ನುತ್ತಾರೆ, ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ ಅದು. ಬ್ಲೀಚು ತಿಂದು ಅವಳ ಬೆರಳಿನ ಚರ್ಮ ಸುಲಿದಿದೆ. ಮಂಡಿಯಲ್ಲಿ ನೀರು ತುಂಬಿಕೊಂಡಿದೆ. ಅಪ್ಪ ಕಾಂಕ್ರೀಟು ಕಲಸುತ್ತ ಕಲಸುತ್ತಲೇ ಸತ್ತ. ಅರ್ಲಿಂಡಾ ಸಿನಿಮಾ ಕಲಿತದ್ದೂ ಹಾಗೆಯೇ, ಬೆಳಿಗ್ಗೆ ಅವ್ವನ ಜೊತೆ ಕಕ್ಕಸು ತೊಳೆದು, ಮಧ್ಯಾಹ್ನ ಕ್ಲಾಸಿಗೆ ಹೋಗಿ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ಅವಳಿಗೆ ಗೊತ್ತಾಗುತ್ತಿತ್ತು, ಬ್ಲೀಚಿನ ವಾಸನೆಗೆ ಅಂತ.

ಅವಳು ಹುಟ್ಟಿದ್ದು ಲಿಸ್ಬನ್ನಿನ ಆಸ್ಪತ್ರೆಯಲ್ಲಿ. ಆದರೂ ಇಪ್ಪತ್ತು ದಾಟುವವರೆಗೆ ಅವಳು ಆ ದೇಶದವಳಲ್ಲ. ಕಾನೂನು ಹುಟ್ಟಿದ ಜಾಗ ನೋಡಲಿಲ್ಲ, ಹೆತ್ತವರನ್ನು ನೋಡಿತು. ಪರದೇಶಿಗಳ ಆಫೀಸಿನ ಮುಂದೆ ವರ್ಷ ವರ್ಷವೂ ಕ್ಯೂ ನಿಲ್ಲಬೇಕಿತ್ತು.

"ಎಲ್ಲಿಯವಳು ನೀನು?"

"ಅಮಡೋರಾ."

"ಅದು ಸರಿ, ನಿಜವಾಗಿ ಎಲ್ಲಿಯವಳು?"

ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು ಬೋರ್ಡಿನ ಮೇಲೆ ಹಡಗು ಬರೆದು ಪಾಠ ಮಾಡಿದ್ದರು. ಮೆಣಸು ತಂದರು, ಬಂಗಾರ ತಂದರು ಅಂದರು. ಮನುಷ್ಯರನ್ನು ತಂದರು ಅನ್ನಲಿಲ್ಲ. ಕರಿಯರು ಈ ನೆಲಕ್ಕೆ ನಿನ್ನೆ ಮೊನ್ನೆ ಇಟ್ಟಿಗೆ ಹೊರಲು ಬಂದವರು ಅಂತಲೇ ಅರ್ಲಿಂಡಾ ಕೂಡ ನಂಬಿ ಬೆಳೆದಳು. ಬಸ್ಸಿನಲ್ಲಿ ಆ ಪೇಪರು ಓದಿದ ದಿನ ಇಳಿಯುವ ಸ್ಟಾಪು ದಾಟಿ ಹೋದಳು. ಐನೂರು ವರ್ಷ ಈ ಮಣ್ಣಿನಲ್ಲಿ ಮಲಗಿದವರು ಇಲ್ಲಿಯವರಲ್ಲದೆ ಇನ್ನೆಲ್ಲಿಯವರು? ಅವಳಿಗೆ ಸಿಟ್ಟು ಬಂತು. ಜೊತೆಗೆ ಒಂದು ಥರದ ಸಂತೋಷವೂ ಆಯಿತು. ಸಂತೋಷವಾಯಿತಲ್ಲ ಅಂತ ನಾಚಿಕೆಯೂ ಆಯಿತು.

ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು ಅಂತ ಅವಳು ತಟ್ಟದ ಬಾಗಿಲಿಲ್ಲ. ಟಿವಿಯವರು, ಪ್ರತಿಷ್ಠಾನದವರು, ಎಲ್ಲರೂ ವಿಷಯ ಚೆನ್ನಾಗಿದೆ ಅಂದರು. ಚೆನ್ನಾಗಿದೆ ಅಂದವರು ಯಾರೂ ಕಾಸು ಬಿಚ್ಚಲಿಲ್ಲ. ಕೊನೆಗೆ ಫೋನು ಬಂದದ್ದು ಅದೇ ಊರಿನ ಪಟ್ಟಣಸಭೆಯಿಂದ. ಗಾಲ್ಫ್ ಅಂಗಳದ ಪಕ್ಕದಲ್ಲಿ ಸ್ಮರಣೆಯ ಮ್ಯೂಸಿಯಂ ಅಂತ ಒಂದು ಕಟ್ಟಡ ಎದ್ದಿತ್ತು, ಅದಕ್ಕೊಂದು ಫಿಲ್ಮು ಬೇಕಾಗಿತ್ತು. ಸಂಸ್ಕೃತಿ ವಿಭಾಗದ ಮುಖ್ಯಸ್ಥ ಸೆನ್ಯೋರ್ ಟೆಲೆಸ್ ಅವಳನ್ನೂ ಅವಳ ಕ್ಯಾಮೆರಾಮನ್ ಜೆಕನನ್ನೂ ಕರೆಸಿ ಕೂರಿಸಿದ.

"ಇದು ನಮ್ಮೆಲ್ಲರ ಇತಿಹಾಸ ಅಲ್ವಾ ಅರ್ಲಿಂಡಾ. ನೋವಿನದೇ, ಇಲ್ಲ ಅನ್ನಲ್ಲ. ನೀನೇ ಮಾಡ್ಬೇಕು ಇದನ್ನ. ನಿಮ್ಮವರಲ್ಲೇ ಒಬ್ರು ಮಾಡಿದ್ರೆ ಅದಕ್ಕೊಂದು ತೂಕ ಇರುತ್ತೆ," ಅಂದ. ಆಮೇಲೆ ಜೆಕನ ಕಡೆ ತಿರುಗಿದ. "ನೀವು ಕಾಫಿ ತಗೋತೀರಾ?"

ಜೆಕ ಅವಳ ಕೈಕೆಳಗೆ ಕೆಲಸ ಮಾಡುವವನು, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಬಿಳಿಯ. ಅವನು 'ನೀವು', ಅವಳು 'ನೀನು'. ಅರ್ಲಿಂಡಾಳಿಗೆ ಅದು ಹೊಸದಲ್ಲ. ಕೇಳಿಸದ ಹಾಗೆ ಇದ್ದಳು. ಫಿಲ್ಮಿನ ಕೊನೆಯ ಕತ್ತರಿ ಪಟ್ಟಣಸಭೆಯ ಕೈಯಲ್ಲಿ ಅಂತ ಕರಾರಿನಲ್ಲಿತ್ತು. ಅದನ್ನೂ ಕಾಣದ ಹಾಗೆ ಸಹಿ ಹಾಕಿದಳು. ಫಿಲ್ಮಿನ ಕೊನೆಗೆ ತಾನೇನು ಹೇಳಬೇಕು ಅನ್ನುವುದು ಅವಳಿಗೆ ಆಗಲೇ ಗೊತ್ತಿತ್ತು. ಕೆಳಗೆ ಇನ್ನೂ ಇದ್ದಾರೆ, ಅವರನ್ನು ಎತ್ತಿ, ಪೆಟ್ಟಿಗೆಯಲ್ಲಿರುವವರನ್ನೂ ತಂದು, ಮನುಷ್ಯರ ಹಾಗೆ ಮಣ್ಣು ಮಾಡಿ. ಇಷ್ಟೇ. ಇದನ್ನು ಆ ಊರಿನ ನಡುಮನೆಯಲ್ಲೇ ನಿಂತು ಹೇಳಲು ಸಿಗುತ್ತದಲ್ಲ ಅಂತ ಆಸೆಪಟ್ಟಳು.

ಶೂಟಿಂಗಿಗೆ ಅವ್ವನನ್ನೂ ಕರೆದುಕೊಂಡು ಹೋದಳು. ದೊಮಿಂಗ ತನ್ನ ಕರಿಯ ತಲೆವಸ್ತ್ರ ಕಟ್ಟಿಕೊಂಡು, ದ್ವೀಪದ ಕಬ್ಬಿನ ಸಾರಾಯಿಯ ಸಣ್ಣ ಬಾಟಲಿ ಚೀಲದಲ್ಲಿಟ್ಟುಕೊಂಡು ಬಂದಳು. ಸತ್ತವರಿರುವ ಕಡೆ ಹೋದರೆ ಅವರಿಗೊಂದು ಗುಟುಕು ನೆಲಕ್ಕೆ ಬಿಟ್ಟೇ ತಾನು ಕುಡಿಯಬೇಕು. ಒಂಬತ್ತನೆಯ ಕುಳಿಯ ಪಕ್ಕ ಮಂಡಿಯೂರಿ ಬಾಟಲಿ ಬಗ್ಗಿಸಿದಳು. ಸಾರಾಯಿ ಇಳಿಯಲಿಲ್ಲ. ಹಸಿರು ಹುಲ್ಲಿನ ಮೇಲೆ ನಿಂತು, ಅತ್ತ ಇತ್ತ ಹರಿದು, ಅವಳ ಸೀರೆಯಗಲದ ಲಂಗವನ್ನೇ ಒದ್ದೆ ಮಾಡಿತು.

"ಇದೇನೇ ಇದು, ಕುಡೀತಾನೇ ಇಲ್ವಲ್ಲ ನೆಲ?"

"ಪ್ಲಾಸ್ಟಿಕ್ ಅವ್ವ ಅದು."

"ನೀರೂ ಇಳೀದ ಹಂಗೆ ಮುಚ್ಚವ್ರಾ ಇವ್ರನ್ನ?" ಅವಳು ಅಂಗೈಯಿಂದ ಹುಲ್ಲನ್ನು ಉಜ್ಜಿ ನೋಡಿದಳು. ಮೂವತ್ತು ವರ್ಷ ಕಂಡವರ ನೆಲ ಉಜ್ಜಿದ ಕೈ, ಎಂಥ ನೆಲ ಅಂತ ಅದಕ್ಕೆ ತಿಳಿಯಿತು. "ತೂ," ಅಂದಳು.

ಆಗ ಅರ್ಲಿಂಡಾ ಕೇಳಬಾರದ್ದನ್ನು ಕೇಳಿದಳು. "ಅವ್ವ, ಒಂದ್ಸಲ ಹಾಡ್ಕೊಂಡು ಅಳ್ತೀಯಾ? ಅಪ್ಪ ಹೋದಾಗ ಅತ್ಯಲ್ಲ, ಹಂಗೆ. ಜೆಕ ತಗೋತಾನೆ. ಒಂದೇ ಸಲ."

ದೊಮಿಂಗ ಮಗಳ ಮುಖ ನೋಡಿದಳು. "ಯಾರು ಅಂತ ಕರೀಲಿ?"

"ಇವ್ರನ್ನೇ."

"ಹೆಸ್ರೇನು?"

"ಹೆಸ್ರು ಗೊತ್ತಿಲ್ಲ. ನಂಬರ್ ಇದೆ."

"ನಂಬರ್ ಹಿಡ್ಕೊಂಡು ಕೂಗಕ್ಕೆ ಇವ್ರೇನ್ ಬಸ್ಸೇನೇ?" ಅವಳು ಲಂಗದ ಅಂಚು ಹಿಂಡಿದಳು. "ನಾನು ಅಳ್ತೀನಿ ಅಂತಿಟ್ಕೋ. ಇವ್ನಿಗೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಅಳು ಅಂತೀಯ. ಚಾಪೆ ಹಾಸಿಲ್ಲ, ದೀಪ ಹಚ್ಚಿಲ್ಲ, ಬಂದೋರ್ಗೆ ಒಂದ್ ಬಟ್ಲು ಗಂಜಿ ಬೇಯ್ಸಿಲ್ಲ. ಸುಮ್ ಸುಮ್ನೆ ಬಾಯಿ ತೆಗ್ದು ಅತ್ರೆ ಮನೆಗೆ ಸಾವು ಬತ್ತದೆ ಕಣೆ. ಅದು ಆಟ ಅಲ್ಲ."

ಅದು ಕೇರಿಯ ಪದ್ಧತಿ. ಯಾರಾದರೂ ಸತ್ತರೆ ಮನೆಯೊಳಗೆ ನೆಲಕ್ಕೆ ಚಾಪೆ ಹಾಸುತ್ತಾರೆ. ಪಕ್ಕದಲ್ಲಿ ದೀಪ, ಸತ್ತವರ ಬಾಯಾರಿಕೆಗೆ ಒಂದು ಗ್ಲಾಸು ನೀರು. ಏಳು ದಿನ ಬಾಗಿಲು ಹಾಕುವ ಹಾಗಿಲ್ಲ. ಬಂದವರು ಚಾಪೆಯ ಮೇಲೆ ಕೂರುತ್ತಾರೆ, ಉಣ್ಣುತ್ತಾರೆ, ಅಳುವವರು ಅಳುತ್ತಾರೆ. ಏಳನೆಯ ದಿನ ರಕ್ತ ಸಂಬಂಧದವರೇ ಚಾಪೆ ಎತ್ತಬೇಕು. ಅವರು ಎತ್ತುವವರೆಗೆ ಸಾವು ಮುಗಿದಂತಲ್ಲ.

ಅರ್ಲಿಂಡಾ ಒತ್ತಾಯ ಮಾಡಲಿಲ್ಲ. ಯಾರದೋ ಮಗು ಹೊಡೆದ ಕೆಂಪು ಚೆಂಡು ಉರುಳಿಕೊಂಡು ಬಂದು ಒಂಬತ್ತನೆಯ ಕುಳಿಯೊಳಗೆ ಟಕ್ಕೆಂದು ಬೀಳುವುದನ್ನು ಜೆಕ ತೆಗೆದುಕೊಂಡ. ಅದರ ಮೇಲೆ ಅವಳು ತನ್ನ ದನಿಯಲ್ಲಿ ಹೇಳಬೇಕಾದ್ದನ್ನು ಹೇಳಿದಳು. ಫಿಲ್ಮು ಅಲ್ಲಿಗೆ ಮುಗಿಯಿತು.

ಉದ್ಘಾಟನೆಗೆ ಒಂದು ವಾರ ಇರುವಾಗ ಟೆಲೆಸ್ ಕರೆಸಿ ಫಿಲ್ಮು ತೋರಿಸಿದ. ಎಲುಬು ಇತ್ತು, ಹಡಗು ಇತ್ತು, ಪಂಡಿತರಿದ್ದರು. ಕಟ್ಟಿದ ಕೈಗಳೂ ಒಂದು ಗಳಿಗೆ ಬಂದು ಹೋದವು. ಕೊನೆಗೆ ಒಂಬತ್ತನೆಯ ಕುಳಿ ಬರಲಿಲ್ಲ. ಚೆಂಡು ಬರಲಿಲ್ಲ, ಅವಳ ದನಿ ಬರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದರು. ಅದರ ಬದಲು ಕಡಲು, ಮುಳುಗುವ ಸೂರ್ಯ, ಪಿಟೀಲು. ತಿಪ್ಪೆ ಸಾರಿಸುವುದು ಅಂದರೆ ಇದೇ.

"ಕೆಳಗೆ ಇನ್ನೂ ಇದಾರೆ ಅನ್ನೋದು ಎಲ್ಲಿ ಹೋಯ್ತು?"

"ಅದು ಖಚಿತ ಇಲ್ಲ ಅಲ್ವಾ ಅರ್ಲಿಂಡಾ."

"ನಿಮ್ಮ ಪಂಡಿತರೇ ಕ್ಯಾಮೆರಾ ಮುಂದೆ ಕೂತು ಹೇಳಿದಾರೆ."

"ಅಗೀದೆ ಖಚಿತ ಅಂತ ಹೇಗೆ ಹೇಳ್ತೀಯ?"

"ಹಾಗಾದ್ರೆ ಅಗೀರಿ."

ಟೆಲೆಸ್ ನಕ್ಕ. ಕೆಟ್ಟ ಮನುಷ್ಯನ ನಗೆಯಲ್ಲ, ಮಗುವಿನ ಹಟಕ್ಕೆ ದೊಡ್ಡವರು ನಗುವ ನಗೆ. "ಮಕ್ಕಳು ಆಡೋ ಜಾಗ ಅದು. ಅದನ್ನ ಮುಚ್ಚಿಸಿ ಜನಗಳಿಗೆ ನಾನೇನು ಹೇಳ್ಲಿ? ಇಷ್ಟು ಮಾಡಿದ್ದೀವಿ ನಿಮ್ಮೋರಿಗೆ. ಬೇರೆ ಯಾವ ಊರು ಮಾಡಿದೆ ಹೇಳು. ಸ್ವಲ್ಪ ಉಪಕಾರ ಸ್ಮರಣೆ ಇರ್ಬೇಕು."

"ನನ್ನ ಹೆಸರು ತೆಗೀರಿ ಅದ್ರಿಂದ."

"ಅದು ಮಾತ್ರ ಆಗಲ್ಲ. ನಿನ್ನ ಹೆಸರೇ ಅಲ್ವಾ ಇಲ್ಲಿ ಮುಖ್ಯ."

ಅವಳ ಕೆಲಸ ಬೇಕಿರಲಿಲ್ಲ, ಅವಳ ಹೆಸರು ಬೇಕಿತ್ತು. ಹೆಸರಿಗಿಂತ ಅವಳ ಬಣ್ಣ. ಅರ್ಲಿಂಡಾ ಅಲ್ಲಿಂದ ಎದ್ದವಳು ಮ್ಯೂಸಿಯಮ್ಮಿನ ಹೊಸ ಕಕ್ಕಸಿಗೆ ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ, ಅಭ್ಯಾಸ ಬಲ, ಕಾಗದದಿಂದ ನೆಲ ಒರೆಸಿದಳು. ಒರೆಸುತ್ತಿದ್ದೇನೆ ಅಂತ ತಿಳಿದಾಗ ಕಾಗದ ಎಸೆದು ಬಂದಳು.

ಭಾನುವಾರ ಮಧ್ಯಾಹ್ನ ದೊಮಿಂಗಳ ಅಡಿಗೆಮನೆಯಲ್ಲಿ ಕೇರಿಯ ಹೆಂಗಸರು ಕೂತು ವಾರದ ಜೋಳ, ಅವರೆಕಾಳು ಹಸನು ಮಾಡುತ್ತಿದ್ದರು. ಅರ್ಲಿಂಡಾ ಎಲ್ಲ ಹೇಳಿದಳು. "ನನ್ನ ಫಿಲ್ಮು ಸತ್ತೋಯ್ತು ಅವ್ವ," ಅಂದಳು.

"ಫಿಲ್ಮು ಸಾಯೋದು ಒಂದು ಸಾವೇನೆ?" ದೊಮಿಂಗ ಕಾಳಿನಿಂದ ಕಲ್ಲು ಹೆಕ್ಕುತ್ತಲೇ ಕೇಳಿದಳು. "ಆ ಕೆಳಗಿರೋರು? ಅವ್ರಿಗೆ ಯಾರು ಚಾಪೆ ಹಾಸಿದ್ರು?"

"ಯಾರೂ ಇಲ್ಲ."

"ಐನೂರು ವರ್ಷದಿಂದ?"

"ಹೂಂ."

ದೊಮಿಂಗ ಮೊರ ಕೆಳಗಿಟ್ಟಳು. "ಹಂಗಾರೆ ಹಾಸಾನ."

ಪಕ್ಕದ ಮನೆಯ ನ್ಯಾ ತಾನ್ಯ ಆಸ್ಪತ್ರೆಯ ನೆಲ ಒರೆಸುವವಳು, ದಪ್ಪನೆಯ ಹೆಂಗಸು, ಮಾತಿಗೆ ಮುಂದು. "ಹಾಸಿದ ಮೇಲೆ ಏಳು ದಿನ ಕೂರ್ಬೇಕಲ್ಲಮ್ಮ. ಮೇಸ್ತ್ರಿ ಒಂದು ದಿನ ಜ್ವರ ಬಂದ್ರೆ ಮನೇಲೇ ಇರು ಪೂರ್ತಿ ಅಂತಾನೆ. ಏಳು ದಿನಕ್ಕೆ ಏನಂತ ಹೇಳದು?"

"ಸಾವಾಗದೆ ಅನ್ನು."

"ಯಾರು ಸತ್ತಿದ್ದು ಅಂದ್ರೆ?"

"ನಮ್ಮೋರು ಅನ್ನು."

"ಯಾವಾಗ ಸತ್ರು ಅಂತ ಕೇಳ್ತಾನಲ್ಲ, ಮುಂಡೇದು."

"ಸುದ್ದಿ ತಡವಾಗಿ ಬಂತು ಅನ್ನು," ಅಂದಳು ದೊಮಿಂಗ.

ನ್ಯಾ ತಾನ್ಯ ಹೊಟ್ಟೆ ಕುಲುಕಿಸಿ ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ತಲೆವಸ್ತ್ರದಿಂದ ಒರೆಸಿಕೊಂಡು, "ನಂದು ದೊಡ್ಡ ಚಾಪೆ ಅದೆ. ನಮ್ಮ ಯಜಮಾನ್ರಿಗೆ ಹಾಸಿದ್ದು. ಅದೇ ತರ್ತೀನಿ," ಅಂದಳು.

ಉದ್ಘಾಟನೆಯ ದಿನ ಬಿಸಿಲು ಚೆನ್ನಾಗಿತ್ತು. ಗಾಲ್ಫ್ ಅಂಗಳದ ಒಂದು ಬದಿಗೆ ಬಿಳಿ ಶಾಮಿಯಾನ, ಅದರಡಿ ವೈನು, ಬಾದಾಮಿ ಮಿಠಾಯಿ. ಮೇಯರ್ ಭಾಷಣ ಮಾಡಿದ್ದಾಗಿತ್ತು. ಕೇರಿಯ ಹೆಂಗಸರು ವ್ಯಾನಿನಿಂದ ಇಳಿದು, ಕರಿಯ ಬಟ್ಟೆಯಲ್ಲಿ, ಚಾಪೆ ಪಾತ್ರೆ ಹೊತ್ತು ಮೆಟ್ಟಿಲು ಹತ್ತಿ ಬಂದರು. ದೊಮಿಂಗ ಒಂದೊಂದೇ ಮೆಟ್ಟಿಲಿಗೆ ಮಂಡಿ ಹಿಡಿದು ನಿಂತು ಬಂದಳು. ಮೇಲೆ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬಿಳಿ ಟೋಪಿಯ ಒಬ್ಬ ಹೆಂಗಸು ಅವಳ ಕೈಗೆ ಖಾಲಿ ಗ್ಲಾಸು ಕೊಟ್ಟಳು. "ಇನ್ನೊಂದು ಬಿಳಿ ವೈನ್ ತಗೊಂಬಾ," ಅಂದು ಮಾತಿಗೆ ತಿರುಗಿದಳು.

ಅರ್ಲಿಂಡಾ ಮುಂದೆ ಬಂದಳು. ದೊಮಿಂಗ ಕಣ್ಣಿನಲ್ಲೇ ಬೇಡ ಅಂದಳು. ಗ್ಲಾಸನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು, ಹಿಡಿದುಕೊಂಡೇ ನಡೆದಳು.

ಒಂಬತ್ತನೆಯ ಕುಳಿಯ ಸುತ್ತ ಚಾಪೆ ಹಾಸಿದರು. ದೀಪ ಹಚ್ಚಿದರು. ದೊಮಿಂಗ ಆ ವೈನಿನ ಗ್ಲಾಸಿಗೇ ನೀರು ತುಂಬಿ ದೀಪದ ಪಕ್ಕ ಇಟ್ಟಳು. ಕಾಲು ಚಾಚಿ ಕೂತಳು. ಎಲ್ಲರೂ ಕೂತರು. ಜೋಳ, ಅವರೆಕಾಳು ಬೇಯಿಸಿದ ಕಚೂಪದ ಪಾತ್ರೆಯ ಮುಚ್ಚಳ ತೆಗೆದು ನ್ಯಾ ತಾನ್ಯ ಬಟ್ಟಲು ಜೋಡಿಸಿದಳು.

ಅತಿಥಿಗಳು ಒಬ್ಬೊಬ್ಬರಾಗಿ ಸುತ್ತ ಸೇರಿದರು. ಫೋನುಗಳು ಮೇಲೆದ್ದವು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

ಸಾವಿನ ಮನೆಯಲ್ಲಿ ಚಪ್ಪಾಳೆ ತಟ್ಟಿದ್ದನ್ನು ಅರ್ಲಿಂಡಾ ಜನ್ಮದಲ್ಲಿ ಕಂಡಿರಲಿಲ್ಲ. ಟೆಲೆಸ್ ಓಡಿ ಬಂದ. ಅವನ ಮುಖ ಅರಳಿತ್ತು. "ಮೊದಲೇ ಹೇಳ್ಬಾರ್ದಾ ನೀನು? ಅದ್ಭುತವಾಗಿದೆ. ಯಾವಾಗ ಹಾಡ್ತಾರೆ?"

"ಹಾಡಲ್ಲ."

"ಮತ್ತೆ? ಕುಣೀತಾರಾ?"

ಜೆಕ ಆಗಲೇ ಕ್ಯಾಮೆರಾ ಹೆಗಲಿಗೇರಿಸಿದ್ದ. ಅವಳ ಕಿವಿಯ ಹತ್ತಿರ ಬಂದು, "ಬೆಳಕು ಸಖತ್ತಾಗಿದೆ ಅರ್ಲಿಂಡಾ. ಹಿಂದೆ ಆ ಬಿಳಿ ಟೋಪಿಗಳು, ಮುಂದೆ ನಿಮ್ಮವ್ವ. ಶುರು ಮಾಡ್ಲಾ?" ಅಂದ.

ಅವಳಿಗೆ ಬಾಯಲ್ಲಿ ನೀರೂರಿತು. ಸುಳ್ಳೇಕೆ. ಅವಳು ಇಷ್ಟು ವರ್ಷ ಕಾದದ್ದು ಈ ಒಂದು ಶಾಟಿಗೆ. ಇದನ್ನು ತೆಗೆದರೆ ಟೆಲೆಸನ ಸೂರ್ಯಾಸ್ತಕ್ಕೆ ಉತ್ತರ ಕೊಡಬಹುದು, ತನ್ನದೇ ಫಿಲ್ಮು ಕಟ್ಟಬಹುದು, ದೇಶ ದೇಶಕ್ಕೆ ಒಯ್ದು ತೋರಿಸಬಹುದು. ಕತ್ತಲೆ ಕೋಣೆಯಲ್ಲಿ ಕೂತವರು ಅತ್ತು, ದೀಪ ಹತ್ತಿದ ಮೇಲೆ ಚಪ್ಪಾಳೆ ತಟ್ಟುತ್ತಾರೆ. ಇದೇ ಚಪ್ಪಾಳೆ. ಅವಳು ಸುತ್ತ ನಿಂತವರ ಕೈಗಳನ್ನು ನೋಡಿದಳು. ಎಲ್ಲರ ಕೈಯಲ್ಲೂ ಫೋನು. ತನ್ನದೊಂದು ಸ್ವಲ್ಪ ದೊಡ್ಡದು, ಅಷ್ಟೇ.

"ಬೇಡ. ಆರಿಸು ಅದನ್ನ."

"ಹುಚ್ಚಾ ನಿಂಗೆ? ಇದು ಮತ್ತೆ ಸಿಗಲ್ಲ."

"ಸಿಗೋದು ಬೇಡ. ಸಾವಿನ ಮನೆ ಇದು ಜೆಕ. ಆರ್ಸಿ ಕೂತ್ಕೋ, ಇಲ್ಲ ಹೋಗು."

ಅವಳು ಷೂ ಬಿಚ್ಚಿ ಅವ್ವನ ಪಕ್ಕ ಚಾಪೆಯ ಮೇಲೆ ಕೂತಳು. ಜೆಕ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಎಲ್ಲಿ ಕೂರಬೇಕು ಅಂತ ತಿಳಿಯದೆ, ಚಾಪೆಯ ಅಂಚಿನಲ್ಲಿ ಕೂತ. ನ್ಯಾ ತಾನ್ಯ ಅವನ ಕೈಗೆ ಒಂದು ಬಟ್ಟಲು ಕೊಟ್ಟಳು.

ಟೆಲೆಸ್ ಇನ್ನೂ ನಗುತ್ತಲೇ ಇದ್ದ. ದೊಮಿಂಗ ಅವನನ್ನು ನೋಡಿ, "ನೀನೂ ಕೂತ್ಕೋ ಬಾರಪ್ಪ. ಸಾವಿನ ಮನೆಗೆ ಬಂದೋರು ನಿಂತ್ಕೊಂಡಿರ್ಬಾರ್ದು," ಅಂದಳು. ಅವನಿಗೂ ಆ ದಿನ 'ನೀನು' ಸಿಕ್ಕಿತು.

"ಯಾರಮ್ಮ ಸತ್ತಿದ್ದು?"

"ನಿನ್ನ ಕಾಲ ಕೆಳಗೆ ನೋಡು."

ಅವನು ನೋಡಿದ. ಹಸಿರು ಹುಲ್ಲು, ಬಿಳಿ ಬಣ್ಣದ ಒಂಬತ್ತು. ಅವನ ನಗೆ ನಿಧಾನವಾಗಿ ಇಳಿಯಿತು. "ಎಷ್ಟು ಹೊತ್ತು ಕೂರ್ತೀರಿ?"

"ಏಳು ದಿನ."

"ಇದು ಪಟ್ಟಣಸಭೆ ಜಾಗ. ಅನುಮತಿ ಬೇಕು."

"ಇವ್ರನ್ನ ಇಲ್ಲಿ ಬಿಸಾಕಕ್ಕೆ ಯಾರ ಅನುಮತಿ ತಗೊಂಡಿದ್ರಪ್ಪ?"

ಅವನು ಅತಿಥಿಗಳ ಕಡೆ ತಿರುಗಿ ಕೈ ತಟ್ಟಿದ. ಫಿಲ್ಮು ಶುರುವಾಗುತ್ತದೆ, ದಯವಿಟ್ಟು ಎಲ್ಲರೂ ಒಳಗೆ ಬನ್ನಿ ಅಂದ. ಅವರು ಗ್ಲಾಸು ಹಿಡಿದುಕೊಂಡು ಒಳಗೆ ಹೋದರು. ಸತ್ತವರ ಚಾಪೆ ಹೊರಗೆ, ಸತ್ತವರ ಫಿಲ್ಮು ಒಳಗೆ. ಗಾಜಿನ ಬಾಗಿಲು ಮುಚ್ಚಿತು. ಟೆಲೆಸ್ ಮೂಲೆಯಲ್ಲಿ ನಿಂತು ಫೋನು ಮಾಡುತ್ತಿದ್ದ.

ದೊಮಿಂಗ ಬಾಟಲಿ ತೆಗೆದಳು. ಈ ಸಲ ಹುಲ್ಲಿನ ಮೇಲೆ ಬಗ್ಗಿಸಲಿಲ್ಲ. ಕುಳಿಯೊಳಗೆ ಕೈ ಹಾಕಿ ಬೆರಳಿನಿಂದ ತಡವಿದಳು. ಮಳೆ ನೀರು ಇಳಿಯಲಿ ಅಂತ ಅದರ ತಳಕ್ಕೆ ಒಂದು ತೂತು ಬಿಟ್ಟಿದ್ದರು. ಆ ಇಡೀ ಅಂಗಳದಲ್ಲಿ ಆ ಮಣ್ಣಿಗೆ ದಾರಿಯಿದ್ದದ್ದು ಅದೊಂದೇ. ಸಾರಾಯಿಯನ್ನು ಅಲ್ಲಿಗೆ ಹುಯ್ದಳು. ಅದು ಗುಳುಗುಳು ಅಂತ ಇಳಿಯಿತು. ಅವಳು ಕಿವಿಗೊಟ್ಟು ಕೇಳಿದಳು. ಇನ್ನಷ್ಟು ಹುಯ್ದಳು. ಅದೂ ಇಳಿಯಿತು.

"ಬಾಯಾರಿತ್ತು ಪಾಪ," ಅಂದಳು. ಆಮೇಲೆ ಮಗಳ ಕಡೆ ತಿರುಗದೆಯೇ ಕೇಳಿದಳು. "ಆ ಕೂಸಿನ ತಾಯಿ. ಅವಳ ನಂಬರೇನು?"

"ಐವತ್ತೆರಡು ಅವ್ವ."

"ಕೂಸಿಂದು?"

"ಐವತ್ಮೂರು."

ದೊಮಿಂಗ ತಲೆವಸ್ತ್ರ ಬಿಚ್ಚಿದಳು. ನರೆತ ಕೂದಲು ಹೆಗಲಿಗೆ ಬಿತ್ತು. ಎರಡೂ ಕೈ ನೆತ್ತಿಯ ಮೇಲಿಟ್ಟುಕೊಂಡು ಮೊದಲು ಮೆಲ್ಲಗೆ, ಆಮೇಲೆ ಎದೆ ಬಿರಿಯುವ ಹಾಗೆ ದನಿ ತೆಗೆದಳು.

"ಐವತ್ತೆರಡೇ, ನನ್ನ ತಂಗೀ... ಹಾಲು ಕುಡಿಯೋ ಕೂಸ್ನ ನಿನ್ನೆದೆಯಿಂದ ಕಿತ್ತು ಯಾವ ಪೆಟ್ಗೇಲಿಟ್ರೇ... ಐವತ್ಮೂರೇ, ನನ್ನ ಕಂದಾ... ಸಂತೆಗೂ ಬೇಡ್ವಾದ್ಯೇನೋ ಮಗ... ನಂಬರೂ ಸಿಗದಿರೋ ನನ್ನ ಮಕ್ಳೇ, ಮೇಲೆ ಚೆಂಡು ಬಿದ್ದಾಗೆಲ್ಲ ಯಾರೋ ಬಂದ್ರು ಅಂತ ಎದ್ದು ಕೂತ್ರೇನ್ರೋ... ಬಂದೀವಿ ಕಣ್ರೋ, ತಡವಾಗಿ ಬಂದೀವಿ..."

ಉಳಿದ ಹೆಂಗಸರು ಸಾಲಿನ ಕೊನೆಗೆ ದನಿ ಸೇರಿಸಿದರು. ನ್ಯಾ ತಾನ್ಯ ಎದೆ ಬಡಿದುಕೊಂಡಳು. ಅರ್ಲಿಂಡಾ ಅತ್ತಳು. ಅಪ್ಪ ಸತ್ತಾಗ ಬಾರದ ಅಳು, ಪರದೇಶಿಗಳ ಕ್ಯೂನಲ್ಲಿ ನುಂಗಿದ ಅಳು, ಎಲ್ಲ ಬಂತು. ಒಳಗಿನಿಂದ ಪಿಟೀಲಿನ ಸದ್ದು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಗಾಜಿನ ಬಾಗಿಲು ತೆಗೆದು ಟೈ ಕಟ್ಟಿದ ಒಬ್ಬ ಹೊರಗೆ ಬಂದ. ಫಿಲ್ಮು ಸರಿಯಾಗಿ ಕೇಳಿಸುತ್ತಿಲ್ಲ, ಸ್ವಲ್ಪ ಮೆಲ್ಲಗೆ ಅಳಿ ಅಂತ ಹೇಳಿ ಒಳಗೆ ಹೋದ.

ಸಂಜೆಯಾಗುವ ಮೊದಲೇ ಪೊಲೀಸರು ಬಂದರು. ಎದ್ದೇಳಿ ಅಂದರು. ಯಾರೂ ಏಳಲಿಲ್ಲ. ತೋಳು ಹಿಡಿದು ಎಳೆದರು. ದೊಮಿಂಗಳ ಕಂಕುಳಿಗೆ ಕೈ ಹಾಕಿ ಇಬ್ಬರು ಎತ್ತುವಾಗ ಅವಳ ಮಂಡಿ ಕಟಕ್ಕೆಂದಿತು. ನೋವಿಗೆ ಅವಳು ತುಟಿ ಕಚ್ಚಿದಳು, ಕೂಗಲಿಲ್ಲ. ನೀರಿನ ಗ್ಲಾಸು ಉರುಳಿತು. ಯಾರದೋ ಬೂಟು ದೀಪವನ್ನು ಆರಿಸಿತು. ಜೆಕನನ್ನು ಮಾತ್ರ ಅವರು "ಸಾರ್, ನೀವು ಸ್ವಲ್ಪ ಈ ಕಡೆ ಬನ್ನಿ," ಅಂದರು.

ಒಬ್ಬ ಹುಡುಗ ಪೊಲೀಸ್ ಚಾಪೆಗಳನ್ನು ಸುತ್ತಿ ತಂದು ದೊಮಿಂಗಳ ಮುಂದೆ ಹಿಡಿದ. "ತಗೋ ಅಜ್ಜಿ, ನಿನ್ನ ಚಾಪೆ."

ದೊಮಿಂಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಎತ್ತಿಲ್ಲ. ನೀನು ಎತ್ತಿದ್ದು, ನೀನೇ ಇಟ್ಕೋ."

"ನಂಗ್ಯಾಕೆ ಇದು?"

"ಎತ್ತೋದು ರಕ್ತ ಸಂಬಂಧದೋರು ಕಣಪ್ಪ. ನಿಂಗೆ ಇವ್ರು ಏನಾಗ್ಬೇಕು?"

ಹುಡುಗ ಚಾಪೆ ಹಿಡಿದು ನಿಂತ. ಅತ್ತ ಟೆಲೆಸನ ಮುಖ ನೋಡಿದ, ಇತ್ತ ತನ್ನ ಮೇಲಧಿಕಾರಿಯ ಮುಖ ನೋಡಿದ. ಯಾರೂ ಅವನ ಕೈಯಿಂದ ಅದನ್ನು ಇಸಿದುಕೊಳ್ಳಲಿಲ್ಲ. ವ್ಯಾನು ಹೊರಟಾಗಲೂ ಅವನು ಹಾಗೇ ನಿಂತಿದ್ದ.

ಆ ಫಿಲ್ಮು ಈಗಲೂ ದಿನಾ ಆ ಮ್ಯೂಸಿಯಮ್ಮಿನಲ್ಲಿ ಓಡುತ್ತದೆ. ಸೂರ್ಯ ಮುಳುಗುತ್ತಾನೆ, ಅರ್ಲಿಂಡಾ ಸೆಮೆದು ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ದೊಮಿಂಗಳ ಅಳು ಯಾವ ಫಿಲ್ಮಿನಲ್ಲೂ ಇಲ್ಲ. ಮೇಸ್ತ್ರಿ ಮೂವರನ್ನು ಕೆಲಸದಿಂದ ತೆಗೆದ, ಅದರಲ್ಲಿ ನ್ಯಾ ತಾನ್ಯ ಒಬ್ಬಳು.

ಅವತ್ತು ವಾಪಸು ಬರುವಾಗ ವ್ಯಾನಿನಲ್ಲಿ ಅರ್ಲಿಂಡಾ ಅವ್ವನ ಮಂಡಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಸೇತುವೆ ದಾಟಿ ಲಿಸ್ಬನ್ನಿನ ದೀಪಗಳು ಕಂಡಾಗ ನ್ಯಾ ತಾನ್ಯ ಕೇಳಿದಳು, "ಅರ್ಧ ದಿನಾನೂ ಕೂರಕ್ಕಾಗ್ಲಿಲ್ಲ. ಮುಗೀತಾ ಹಂಗಾರೆ?"

"ಹೆಂಗೆ ಮುಗೀತದೆ?" ಅಂದಳು ದೊಮಿಂಗ. "ಚಾಪೆ ನಾವೆತ್ತಿಲ್ವಲ್ಲ."

ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಅರ್ಲಿಂಡಾ ಅವ್ವನ ಪಾಳಿಗೆ ತಾನೇ ಹೋಗಿ ಬ್ಯಾಂಕಿನ ನೆಲ ಒರೆಸಿದಳು. ಬರುವಾಗ ಸಂತೆಯಲ್ಲಿ ಒಂದು ಹೊಸ ಚಾಪೆ ಕೊಂಡಳು.